ಕೇಳಿದವರೇ ಸಾಕ್ಷಿ

ಪುಸ್ತಕ ಕಳೆದುಹೋದರೆ ಇನ್ನೊಂದು ಪ್ರತಿ ಕೊಂಡುಕೊಳ್ಳಬಹುದು. ಸಿನಿಮಾ ತಪ್ಪಿಹೋದರೆ ಮತ್ತೆ ಬಂದಾಗ ನೋಡಬಹುದು. ಆದರೆ ಒಂದು ರಾತ್ರಿ ವೇದಿಕೆಯ ಮೇಲೆ ನಡೆದುಹೋದ ಸಂಗೀತವನ್ನು ಎಲ್ಲಿ ಹುಡುಕುವುದು? ಕಡೂರಿನ ಗಣಪತಿ ಪೆಂಡಾಲಿನ ರಸಮಂಜರಿಯಾಗಲಿ, ತರೀಕೆರೆಯ ನಾಟಕದ ಹಾರ್ಮೋನಿಯಂ ಮಾಸ್ತರರ ರಂಗಗೀತೆಯಾಗಲಿ, ಅಜ್ಜಂಪುರದ ಸೀಮೆಯ ಜಾತ್ರೆಯಲ್ಲಿ ಕುಣಿದ ವೀರಗಾಸೆಯಾಗಲಿ, ಜನ ಎದ್ದು ಮನೆಗೆ ಹೊರಟ ಮೇಲೆ ಅದು ಉಳಿಯುವುದು ಒಂದೇ ಕಡೆ. ಕೇಳಿದವರ ಕಿವಿಯಲ್ಲಿ.

ಈ ವಾರ ಅಂಥ ಕಿವಿಗಳ ಕಥೆ ಹೇಳುತ್ತೇನೆ. ಕಥೆ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಹೊರಟು, ಬೆಂಗಳೂರಿನಲ್ಲಿ ಸ್ವಲ್ಪ ಹೊತ್ತು ನಿಂತು, ಕೊನೆಗೆ ನಮ್ಮ ಬೀರೂರು ಜಂಕ್ಷನ್ನಿನಲ್ಲಿ ಇಳಿಯುತ್ತದೆ. ವಿದ್ಯಾರ್ಥಿಗಳು ಓದಲಿ, ಓದಿ ಮುಗಿಸಿ ಪತ್ರಿಕೆಯನ್ನು ಅಪ್ಪ ಅಮ್ಮನ ಕೈಗೂ ಕೊಡಲಿ. ಇಬ್ಬರಿಗೂ ಇದರಲ್ಲಿ ಕೆಲಸವಿದೆ.

ಹೂಜಿಯ ಸದ್ದು

1965. ನಮ್ಮ ಕಡೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಕೆಲಸ ಮುಗಿದ ವರ್ಷ. ಆಕಾಶವಾಣಿಯ ಭದ್ರಾವತಿ ಕೇಂದ್ರ ಶುರುವಾದದ್ದೂ ಆ ವರ್ಷವೇ. ಅದೇ ವರ್ಷದ ಕೊನೆಗೆ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಕೆಲವು ಹುಡುಗರು ಸೇರಿ ಒಂದು ರಾಕ್ ತಂಡ ಕಟ್ಟಿದರು. ಹೆಸರು ‘ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್’, ಅಂದರೆ ಹದಿಮೂರನೆಯ ಅಂತಸ್ತಿನ ಲಿಫ್ಟ್. ಅಮೆರಿಕದ ಎಷ್ಟೋ ಕಟ್ಟಡಗಳಲ್ಲಿ 13 ಅಪಶಕುನವೆಂದು ಹನ್ನೆರಡರ ಮೇಲೆ ನೇರವಾಗಿ ಹದಿನಾಲ್ಕು ಬರೆಯುತ್ತಾರೆ. ಇಲ್ಲದ ಅಂತಸ್ತಿಗೆ ಕರೆದೊಯ್ಯುವ ಲಿಫ್ಟ್ ನಾವು ಎಂಬ ತುಂಟತನ ಆ ಹೆಸರಿನಲ್ಲಿತ್ತು.

ಹಾಡುಗಾರ ರಾಕಿ ಎರಿಕ್ಸನ್‌ಗೆ ಆಗ 18 ವರ್ಷ. ಶಾಲೆ ಮುಗಿಯಲು ಇನ್ನೇನು ತಿಂಗಳಷ್ಟೇ ಇತ್ತು. ನಿಯಮದಂತೆ ತಲೆಗೂದಲು ಕತ್ತರಿಸಿಕೊಳ್ಳಲು ಒಪ್ಪದೆ ಹೊರಬಂದಿದ್ದ. ಸ್ಟೇಸಿ ಸದರ್ಲೆಂಡ್ ಗಿಟಾರ್ ನುಡಿಸುತ್ತಿದ್ದ. ಇನ್ನೊಬ್ಬ ಟಾಮಿ ಹಾಲ್. ಅವನ ವಾದ್ಯ ಏನು ಗೊತ್ತೇ? ಹೂಜಿ! ಅದರ ಬಾಯಿಯ ಹತ್ತಿರ ಮೈಕು ಹಿಡಿದು, ಒಳಕ್ಕೆ ಗಂಟಲಿನಿಂದ ‘ಗುಳು ಗುಳು’ ಎಂದು ಸದ್ದು ಹೊರಡಿಸುತ್ತಿದ್ದ. ಗಿಟಾರುಗಳ ಅಬ್ಬರದ ನಡುವೆ ಆ ಸದ್ದು ನೀರಿನ ಗುಳ್ಳೆಗಳಂತೆ ಏಳುತ್ತ ಮುಳುಗುತ್ತ ಓಡುತ್ತಿತ್ತು. ಘಟವನ್ನು ಬೆರಳಿನಿಂದ ನುಡಿಸುವುದನ್ನು ಕಂಡ ನಮಗೆ ಮಡಕೆ ವಾದ್ಯವಾಗುವುದು ಹೊಸದಲ್ಲ. ಮಡಕೆಗೆ ಕರೆಂಟು ತಾಗಿಸಿದ್ದು ಮಾತ್ರ ಹೊಸದು.

1966ರಲ್ಲಿ ಈ ತಂಡದ ಮೊದಲ ಎಲ್‌ಪಿ ಬಂತು. ಅದರ ಹೆಸರಿನಲ್ಲೇ ‘ಸೈಕಡೆಲಿಕ್’ ಎಂಬ ಪದವಿತ್ತು. ರಾಕ್ ಸಂಗೀತದ ತಟ್ಟೆಯ ಮೇಲೆ ಆ ಪದ ಅಚ್ಚಾದ ಮೊದಮೊದಲ ಸಂದರ್ಭಗಳಲ್ಲಿ ಇದೂ ಒಂದು. ಗ್ರೀಕ್ ಭಾಷೆಯ ‘ಮನಸ್ಸು’ ಮತ್ತು ‘ಪ್ರಕಟ’ ಎಂಬ ಅರ್ಥದ ಎರಡು ಮಾತುಗಳನ್ನು ಜೋಡಿಸಿ 1950ರ ದಶಕದಲ್ಲಿ ಮನೋವೈದ್ಯ ಹಂಫ್ರಿ ಆಸ್ಮಂಡ್ ಮಾಡಿದ ಪದ ಅದು. ಸಂಗೀತಕ್ಕೆ ಬಂದಾಗ ಅದರ ಲಕ್ಷಣ ಇಷ್ಟು: ಮೂರು ನಿಮಿಷಕ್ಕೆ ಮುಗಿಯದೆ ಬೆಳೆಯುತ್ತ ಹೋಗುವ ಹಾಡು, ಸ್ಪೀಕರಿನ ಎದುರು ಗಿಟಾರ್ ಹಿಡಿದು ಬರಿಸುವ ಕೀರಲು, ದನಿಯ ಮೇಲೆ ದನಿ ಬೀಳುವ ಎಕೋ, ಹಿಂದಿನ ಪರದೆಯ ಮೇಲೆ ಎಣ್ಣೆಯಲ್ಲಿ ಬಣ್ಣ ಕಲಸಿ ಹರಿಸಿದಂಥ ಬೆಳಕಿನಾಟ.

ಇದೆಲ್ಲ ನಮಗೆ ತೀರ ಪರಕೀಯವೇನಲ್ಲ. ನಮ್ಮ ರಸಮಂಜರಿಯ ಗಾಯಕರು ‘ಹಲೋ, ಮೈಕ್ ಟೆಸ್ಟಿಂಗ್’ ಎಂದ ಕೂಡಲೇ ಮೊದಲು ಕೇಳುವುದೇ ಎಕೋ ಜಾಸ್ತಿ ಮಾಡಿ ಎಂದು! ಇನ್ನು ಒಂದೇ ಶ್ರುತಿಯ ಮೇಲೆ ಗಂಟೆಗಟ್ಟಲೆ ರಾಗ ಕಟ್ಟುವ ವಿದ್ಯೆಯನ್ನು ಆ ಕಾಲದ ಪಾಶ್ಚಾತ್ಯ ಹುಡುಗರು ಬೆರಗಿನಿಂದ ನೋಡಿದ್ದು ನಮ್ಮ ತಂಬೂರಿ ಸಿತಾರುಗಳಲ್ಲೇ. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದಲ್ಲಿ ರಾಕ್ ತಂಡಗಳ ನಡುವೆ ಪಂಡಿತ್ ರವಿಶಂಕರ್ ಸಿತಾರ್ ನುಡಿಸಿದ್ದರು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಬಾಂಗ್ಲಾದೇಶ ಸಹಾಯಾರ್ಥ ಕಛೇರಿಯಲ್ಲಿ ಅವರೂ ಅಲಿ ಅಕ್ಬರ್ ಖಾನರೂ ಇನ್ನೂ ಶ್ರುತಿ ಸೇರಿಸುತ್ತಿದ್ದಾಗಲೇ ಜನ ಕಛೇರಿ ಶುರುವಾಯಿತೆಂದು ತಿಳಿದು ಚಪ್ಪಾಳೆ ತಟ್ಟಿದ್ದು ಇಂದಿಗೂ ಆ ಧ್ವನಿಮುದ್ರಿಕೆಯಲ್ಲಿ ಕೇಳುತ್ತದೆ. ಆ ಚಪ್ಪಾಳೆ ಮುಗ್ಧವಾದದ್ದು, ಆದರೆ ನಿಜವಾದದ್ದು. ಇನ್ನೊಂದು ಚಪ್ಪಾಳೆ ಹಾಗಿರಲಿಲ್ಲ.

ಅಂಟಿಸಿದ ಚಪ್ಪಾಳೆ

ಹೂಜಿ ತಂಡದ ಒಂದು ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 55ನೆಯ ಸ್ಥಾನದವರೆಗೆ ಏರಿತು. ‘ನಾನಿಲ್ಲದಾಗ ನಿನಗೆ ನನ್ನ ನೆನಪು ಕಾಡುತ್ತದೆ’ ಎಂಬ ಅರ್ಥದ ಶೀರ್ಷಿಕೆ ಅದಕ್ಕೆ. ಅಷ್ಟೇ, ಅದರ ಮೇಲೆ ತಂಡ ಏರಲಿಲ್ಲ. ಅವರ ನಿಜವಾದ ಕೀರ್ತಿ ಇದ್ದದ್ದು ವೇದಿಕೆಯಲ್ಲಿ. ಟೆಕ್ಸಾಸಿನ ಕ್ಲಬ್ಬುಗಳಲ್ಲಿ, 1966ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಅವಲಾನ್ ಸಭಾಂಗಣದಲ್ಲಿ. ಆ ಕೀರ್ತಿಯನ್ನು ಕಾಸು ಮಾಡಿಕೊಳ್ಳಲು ಧ್ವನಿಮುದ್ರಣ ಕಂಪನಿ 1968ರಲ್ಲಿ ‘ಲೈವ್’ ಎಂಬ ಹೆಸರಿನ ಎಲ್‌ಪಿ ಹೊರತಂದಿತು. ತಟ್ಟೆ ತಿರುಗಿದರೆ ಹಾಡು, ಹಾಡಿನ ಕೊನೆಗೆ ಜನರ ಕೇಕೆ, ಚಪ್ಪಾಳೆ.

ಆದರೆ ಅದು ಯಾವ ಕಛೇರಿಯ ಮುದ್ರಣವೂ ಅಲ್ಲ. ಸ್ಟುಡಿಯೋದಲ್ಲಿ ಉಳಿದುಬಿದ್ದಿದ್ದ ಹಳೆಯ ಮುದ್ರಣಗಳನ್ನು ಆಯ್ದು, ಅವುಗಳಿಗೆ ಬೇರೆ ಕಡೆಯ ಚಪ್ಪಾಳೆ ಅಂಟಿಸಿದ್ದರು. ತಂಡದವರ ಕೈವಾಡವೂ ಅದರಲ್ಲಿ ಇರಲಿಲ್ಲವೆನ್ನಬೇಕು. ತಟ್ಟೆಯನ್ನು ಮಾತ್ರ ಕೇಳಿದವನಿಗೆ ಈ ಮೋಸ ಹೇಗೆ ತಿಳಿಯಬೇಕು? ಕಛೇರಿಗೆ ಹೋಗಿ ಕೇಳಿದವನಿಗೆ ಮಾತ್ರ ತಿಳಿಯುತ್ತದೆ.

ನಾನು ಹೇಳಬೇಕೆಂದಿರುವ ಮಾತಿನ ತಿರುಳು ಇದು. ದಾಖಲೆ ಇದೆ ಎಂದ ಮಾತ್ರಕ್ಕೆ ನಿಜ ಇದೆ ಎಂದಲ್ಲ. ಅಲ್ಲಿ ಕೂತು ಕೇಳಿದವರ ನೆನಪೂ ಒಂದು ದಾಖಲೆಯೇ. ಕೆಲವು ಸಲ ಅದೊಂದೇ ನಂಬಲರ್ಹವಾದ ದಾಖಲೆ. ಎಲಿವೇಟರ್ಸ್ ತಂಡ 1969ರ ಹೊತ್ತಿಗೆ ಒಡೆದುಹೋಯಿತು. ಆಮೇಲೂ ಅದರ ಹೆಸರನ್ನು ಉಳಿಸಿದವರು ಕೇಳುಗರೇ. 1972ರಲ್ಲಿ ಲೆನ್ನಿ ಕೇ ಎಂಬ ಸಂಗೀತಪ್ರೇಮಿ ಮರೆತುಹೋದ ತಂಡಗಳ ಹಾಡುಗಳನ್ನು ಕೂಡಿಸಿ ‘ನಗೆಟ್ಸ್’ ಎಂಬ ಸಂಕಲನ ತಂದಾಗ ಇವರ ಹಾಡೂ ಸೇರಿತು. ಅವಲಾನ್ ಸಭಾಂಗಣದ ನಿಜವಾದ ಮುದ್ರಣವೂ ಎಷ್ಟೋ ಕಾಲದ ನಂತರ ಹೊರಬಂತು. 2015ರ ಮೇ ತಿಂಗಳಲ್ಲಿ, 50 ವರ್ಷದ ನೆಪದಲ್ಲಿ, ಬದುಕುಳಿದಿದ್ದ ಸದಸ್ಯರು ಆಸ್ಟಿನ್‌ನಲ್ಲೇ ಮತ್ತೆ ಒಂದು ವೇದಿಕೆ ಹತ್ತಿದರು. ಹೂಜಿಯೂ ಬಂದಿತ್ತು.

ತಾಯ್ತಂದೆಯರ ಅನುಮಾನ

ಇಷ್ಟು ಓದುವ ಹೊತ್ತಿಗೆ ಯಾರಾದರೂ ತಂದೆ ಕನ್ನಡಕ ಮೇಲೇರಿಸಿ ಕೇಳಬಹುದು: ‘ಈ ಸೈಕಡೆಲಿಕ್ ಅನ್ನೋದು ಮಾದಕ ವಸ್ತುವಿನ ಸಹವಾಸ ಅಲ್ಲವೇನ್ರೀ?’

ಪ್ರಶ್ನೆ ನ್ಯಾಯವಾದದ್ದು. ಉತ್ತರವನ್ನು ಮುಚ್ಚಿಡುವುದು ಬೇಡ. ಆ ಕಾಲದ ಆ ಸಂಗೀತದ ಜೊತೆಗೆ ಎಲ್‌ಎಸ್‌ಡಿ ಮೊದಲಾದ ವಸ್ತುಗಳ ಬಳಕೆ ಇತ್ತು. ಎಲಿವೇಟರ್ಸ್ ತಂಡ ಅದನ್ನು ಬಹಿರಂಗವಾಗಿ ಹೊಗಳಿತ್ತು. ಅದರ ಬೆಲೆಯನ್ನೂ ತೆತ್ತಿತು. ರಾಕಿ ಎರಿಕ್ಸನ್ 1969ರಲ್ಲಿ ಒಂದು ಗಾಂಜಾ ಸಿಗರೇಟಿನ ಸಲುವಾಗಿ ಬಂಧನಕ್ಕೊಳಗಾದ. ದೀರ್ಘ ಜೈಲುವಾಸ ತಪ್ಪಿಸಿಕೊಳ್ಳಲು ಮಾನಸಿಕ ಅಸ್ವಸ್ಥತೆಯ ವಾದ ಹೂಡಿದ. ಜೈಲು ತಪ್ಪಿತು, ಆದರೆ 1972ರವರೆಗೆ ಮಾನಸಿಕ ಆಸ್ಪತ್ರೆಯ ಗೋಡೆಯೊಳಗೆ ಕಳೆಯಬೇಕಾಯಿತು. ಅಲ್ಲಿಂದ ಬಂದ ಮೇಲೂ ಬಹುಕಾಲ ಅವನ ಮನಸ್ಸು ನೆಲೆಗೆ ನಿಲ್ಲಲಿಲ್ಲ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ ಮೊದಲ ನಾಯಕ ಸಿಡ್ ಬ್ಯಾರೆಟ್ ಕೂಡ ಹೀಗೆಯೇ ಮನಸ್ಸಿನ ಹಿಡಿತ ತಪ್ಪಿ 1968ರಲ್ಲಿ ತಂಡದಿಂದ ಹೊರಬಿದ್ದ. ಇಬ್ಬರೂ ಇಪ್ಪತ್ತೆರಡರ ಆಸುಪಾಸಿನವರು. ಮಕ್ಕಳಿಗೆ ಬುದ್ಧಿ ಹೇಳುವ ತಂದೆಗೆ ಇದಕ್ಕಿಂತ ನೇರವಾದ ದೃಷ್ಟಾಂತ ಬೇಕಾಗಿಲ್ಲ.

ಆದರೆ ಮಗನ ಕೈಯಲ್ಲಿ ಗಿಟಾರ್ ಕಂಡ ಕೂಡಲೇ ಮಗ ಕೈತಪ್ಪಿದ ಎಂದು ತಿಳಿಯುವುದು ಬೇಡ. ಎರಿಕ್ಸನ್‌ನನ್ನು ಕೆಡಿಸಿದ್ದು ಹೂಜಿಯೂ ಅಲ್ಲ, ಶ್ರುತಿಯೂ ಅಲ್ಲ. ಸಂಗೀತವನ್ನು ಸಂಗೀತವಾಗಿ ಕೇಳಿ, ಚಟವನ್ನು ಚಟವೆಂದು ಗುರುತಿಸಿ ದೂರ ಇಡುವ ಮಗ, ಮಗಳು ಬೇಕು. ಮನೆಯಲ್ಲಿ ಈ ಮಾತು ಕೂತು ಆಡಿದರೆ ಮಕ್ಕಳು ಅದನ್ನು ಹೊರಗೆ ಕಲಿಯುವ ಪ್ರಮೇಯ ಬರುವುದಿಲ್ಲ.

ಬೆಂಗಳೂರಿನ ತಂಡವೊಂದು

ಆ ಗಾಳಿ ನಮ್ಮ ರಾಜ್ಯಕ್ಕೂ ಬೀಸಿತ್ತು. 1970ರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರ ಬಾಯಲ್ಲಿದ್ದ ಒಂದು ಹೆಸರು ‘ಹ್ಯೂಮನ್ ಬಾಂಡೇಜ್’. ಸುರೇಶ್ ಶೋತಂ ಗಿಟಾರ್, ಅವರ ಸಹೋದರ ರಮೇಶ್ ಶೋತಂ ಡ್ರಮ್ಸ್, ರಾಧಾ ಎಂಬ ಗಾಯಕಿ. ದೇಶದ ದೊಡ್ಡ ನಗರಗಳಲ್ಲೆಲ್ಲ ನುಡಿಸಿದ ತಂಡ ಅದು. ಹೆಣ್ಣುಮಗಳೊಬ್ಬಳು ರಾಕ್ ತಂಡದ ಮುಂದೆ ನಿಂತು ಹಾಡುವುದು ಆಗಿನ ಭಾರತದಲ್ಲಿ ಬಲು ಅಪರೂಪ.

ಈ ತಂಡದ ಹೆಸರು ಇಂದಿಗೂ ಕೇಳಿಬರುತ್ತಿದ್ದರೆ ಅದು ಮಾರಾಟವಾದ ತಟ್ಟೆಗಳ ಲೆಕ್ಕದಿಂದಲ್ಲ, ಅಂದು ಕೇಳಿದವರು ಇಂದೂ ಅದರ ಮಾತಾಡುವುದರಿಂದ. ಆಗ ರಾಕ್ ತಂಡಗಳಿಗೆ ಸ್ಟುಡಿಯೋ ಬಾಗಿಲು ತೆರೆಯುತ್ತಿದ್ದದ್ದು ಅಪರೂಪಕ್ಕೆ. 1970 ಮತ್ತು 71ರಲ್ಲಿ ಒಂದು ಸಿಗರೇಟಿನ ಪ್ರಚಾರಕ್ಕಾಗಿ ನಡೆದ ‘ಸಿಮ್ಲಾ ಬೀಟ್’ ಸ್ಪರ್ಧೆಯ ತಂಡಗಳ ಹಾಡುಗಳು ಎರಡು ಎಲ್‌ಪಿಗಳಾಗಿ ಬಂದವು. ಮುಂಬೈಯ ‘ಅಟಾಮಿಕ್ ಫಾರೆಸ್ಟ್’ ತಂಡದ ಹಾಡುಗಳನ್ನು 2011ರಲ್ಲಿ ಅಮೆರಿಕದ ಕಂಪನಿಯೊಂದು ಹುಡುಕಿ ಮರುಮುದ್ರಿಸಿತು. ಹೀಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಉಳಿದ ತಂಡಗಳು ಸಂಜೆಯ ಸಭಾಂಗಣದಲ್ಲಿ ನುಡಿಸಿ, ಸ್ಪೀಕರ್ ಬಿಚ್ಚಿ, ಟೆಂಪೋ ಹತ್ತಿ ಹೋದವು.

ರಮೇಶ್ ಶೋತಂ ಮುಂದೆ ಹಿಡಿದ ದಾರಿ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದದ್ದು. ರಾಕ್ ಡ್ರಮ್ಸ್ ಬಾರಿಸುತ್ತಿದ್ದವರು ತವಿಲ್ ಕಲಿತರು; ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸೇರಿದರು. ಆಮೇಲೆ ಜರ್ಮನಿಯಲ್ಲಿ ನೆಲೆಸಿ ನಮ್ಮ ಲಯವನ್ನು ಜಾಜ್ ವೇದಿಕೆಗೆ ಒಯ್ದರು. ರಾಧಾ ಥಾಮಸ್ ಎಂದು ಹೆಸರಾದ ಗಾಯಕಿಯೂ ಜಾಜ್ ಹಾಡುಗಾರಿಕೆಯಲ್ಲಿ ಮುಂದುವರಿದರು. ಯೌವನದ ಹುಚ್ಚು ಎಂದು ಹಿರಿಯರು ಅಂದುಕೊಂಡದ್ದು ಜೀವಮಾನದ ವಿದ್ಯೆಯಾಗಿ ಬೆಳೆಯಿತು.

ನೆನಪು ಉಬ್ಬುತ್ತದೆ

ಹಾಗಾದರೆ ಅಭಿಮಾನಿಗಳು ಹೇಳಿದ್ದನ್ನೆಲ್ಲ ನಂಬಬೇಕೇ? ಖಂಡಿತ ಬೇಡ. ನೆನಪು ಹಿಟ್ಟಿನ ಹಾಗೆ, ಇಟ್ಟಷ್ಟೂ ಉಬ್ಬುತ್ತದೆ. 1969ರ ಆಗಸ್ಟ್‌ನಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವಕ್ಕೆ ನಾಲ್ಕು ಲಕ್ಷದಷ್ಟು ಜನ ಸೇರಿದ್ದರು. ಆದರೆ ಎಲ್ಲರೂ ಕೊಂಡಾಡುವ ಜಿಮಿ ಹೆಂಡ್ರಿಕ್ಸ್ ನುಡಿಸಿದ್ದು ಸೋಮವಾರ ಬೆಳಿಗ್ಗೆ, ಬಹುಪಾಲು ಜನ ಕೆಸರು ತುಳಿದುಕೊಂಡು ಊರಿಗೆ ಹೊರಟುಹೋದ ಮೇಲೆ. ವುಡ್‌ಸ್ಟಾಕ್‌ಗೆ ಹೋಗಿದ್ದೆ ಎನ್ನುವವರೆಲ್ಲ ಹೆಂಡ್ರಿಕ್ಸ್‌ನನ್ನು ಕೇಳಿರಲಿಕ್ಕೆ ಸಾಧ್ಯವಿಲ್ಲ. ನಮ್ಮಲ್ಲೂ ಹಾಗೆಯೇ ಅಲ್ಲವೇ? ಅಂದಿನ ನಾಟಕದಲ್ಲಿ ರಾಜನ ಪಾತ್ರಕ್ಕೆ ಹತ್ತು ಸಲ ‘ಒನ್ಸ್ ಮೋರ್’ ಬಿತ್ತು ಎಂದು ಅಜ್ಜ ಹೇಳಿದರೆ, ಮೂರು ಸಲ ಬಿದ್ದಿದ್ದೀತು ಎಂದುಕೊಳ್ಳಬೇಕು. ಆದರೆ ಬಿದ್ದದ್ದಂತೂ ನಿಜ.

ನೆನಪಿಗೆ ಕಡಿವಾಣ ಹಾಕುವ ದಾರಿಯನ್ನೂ ಅಭಿಮಾನಿಗಳೇ ತೋರಿಸಿದ್ದಾರೆ. 1965ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ‘ಗ್ರೇಟ್‌ಫುಲ್ ಡೆಡ್’ ತಂಡ ತನ್ನ ಕಛೇರಿಗಳನ್ನು ಜನ ಟೇಪ್ ಮಾಡಿಕೊಳ್ಳಲು ಬಿಟ್ಟಿತು. 1984ರಿಂದ ಟೇಪ್‌ರೆಕಾರ್ಡರ್ ತಂದವರಿಗೆಂದೇ ಪ್ರತ್ಯೇಕ ಜಾಗ ಕೊಟ್ಟಿತು. ಟೇಪುಗಳು ಕೈಯಿಂದ ಕೈಗೆ ದಾಟಿದವು. ಯಾವ ಊರು, ಯಾವ ದಿನ, ಯಾವ ಹಾಡಿನ ನಂತರ ಯಾವ ಹಾಡು ಎಂಬುದನ್ನು ಬರೆದಿಟ್ಟರು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಅವರ ಕಛೇರಿ ಹೀಗೆ ಟೇಪುಗಳ ಮೂಲಕವೇ ಹೆಸರಾಗಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡುವ ರಾಷ್ಟ್ರೀಯ ಧ್ವನಿಮುದ್ರಣಗಳ 2011ರ ಪಟ್ಟಿಗೆ ಸೇರಿತು. ಕೇಳುಗರ ಶ್ರದ್ಧೆ ಎಂದರೆ ಇದು.

ಬೀರೂರು ಜಂಕ್ಷನ್

ಈಗ ನಮ್ಮ ಊರಿಗೆ ಬರೋಣ. ಒಂದೇ ಸಲ ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ದಸರೆಯ ವೇಳೆ ಬೀರೂರಿನಲ್ಲಿ ಮೈಲಾರಲಿಂಗ ಸ್ವಾಮಿಯ ಕಾರ್ಣಿಕ ನುಡಿಯುತ್ತಾರೆ. ಒಂದೆರಡು ಸಾಲು, ಒಂದೇ ಬಾರಿ. ಅದನ್ನು ಕೇಳಲು ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನುಡಿದದ್ದು ಯಾವ ಪದ, ಅದರ ಅರ್ಥವೇನು ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಚರ್ಚೆ. ಆ ಎಚ್ಚರದಿಂದ ನಾವು ನಮ್ಮ ಸಂಗೀತವನ್ನು ಕೇಳಿ ನೆನಪಿಟ್ಟಿದ್ದೇವೆಯೇ?

ವೀರಗಾಸೆಯನ್ನೇ ತೆಗೆದುಕೊಳ್ಳಿ. ಕರಡೆ, ಚಮಾಳ, ತಾಳ, ಓಲಗಗಳು ಒಮ್ಮೆಲೇ ಎದ್ದಾಗ ಎದೆಯೊಳಗೆ ನಡುಗುವ ಆ ಸದ್ದಿಗೆ ಯಾವ ರಾಕ್ ತಂಡದ ಸ್ಪೀಕರೂ ಸಾಟಿಯಲ್ಲ. ಕುಣಿತ ಥಟ್ಟನೆ ನಿಂತು, ದಕ್ಷಯಜ್ಞದ ಒಡಪು ಹೇಳುವವನ ದನಿ ಏರುವಾಗಿನ ಆ ಮೌನವನ್ನು ಮೊಬೈಲಿನ ಅರ್ಧ ನಿಮಿಷದ ವಿಡಿಯೋ ಹಿಡಿಯಲಾರದು. ಒಡಪು ಹೇಳುವ ಗತ್ತು ತಂಡದಿಂದ ತಂಡಕ್ಕೆ ಬೇರೆ. ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಹಿರಿಯರು, ಇಂಥ ಊರಿನ ತಂಡ ಹೀಗೆ, ಅಂಥ ಊರಿನದು ಹಾಗೆ ಎಂದು ಬಿಡಿಸಿ ಹೇಳಬಲ್ಲರು.

ರಸಮಂಜರಿಯದೂ ಇದೇ ಕಥೆ. ನಮ್ಮ ಸಣ್ಣ ಪೇಟೆಗಳಲ್ಲಿ ಎಷ್ಟೋ ಮಂದಿ ಎಲೆಕ್ಟ್ರಿಕ್ ಗಿಟಾರನ್ನು ಮೊದಲು ಕಂಡದ್ದು ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ. ಹಗಲಿನಲ್ಲಿ ಬೇರೆ ಉದ್ಯೋಗ ಮಾಡಿ, ಸಂಜೆ ಬಣ್ಣದ ಅಂಗಿ ತೊಟ್ಟು ನುಡಿಸಿದ ಎಷ್ಟೋ ಕಲಾವಿದರ ಹೆಸರು ಯಾವ ಕ್ಯಾಸೆಟ್ಟಿನ ಮೇಲೂ ಅಚ್ಚಾಗಿಲ್ಲ. ಅವರೂ ಅವರ ಕಾಲದ ಎಲಿವೇಟರ್ಸೇ. ಹಾಡಿದವರು ವಯಸ್ಸಾಗಿದ್ದಾರೆ, ಕೇಳಿದವರೂ ವಯಸ್ಸಾಗಿದ್ದಾರೆ. 1970ರಲ್ಲಿ 20 ವರ್ಷದವರಾಗಿದ್ದವರು ಈಗ 75ರ ಆಸುಪಾಸು. ಇನ್ನು ಹತ್ತು ವರ್ಷ ಬಿಟ್ಟು ಕೇಳೋಣವೆಂದರೆ ಯಾರನ್ನು ಕೇಳುವುದು?

ರಜೆಯ ಕೆಲಸ

ಆದ್ದರಿಂದ ಈ ಸಲದ ರಜೆಗೆ ಒಂದು ಕೆಲಸ. ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಮೊಬೈಲಿನ ಧ್ವನಿಮುದ್ರಣ ಇದ್ದರೆ ಇನ್ನೂ ಒಳ್ಳೆಯದು. ಮೊದಲು ಅನುಮತಿ ಕೇಳಿ, ಆಮೇಲೆ ಗುಂಡಿ ಒತ್ತಿ. ಮನೆಯ ಅಜ್ಜ ಅಜ್ಜಿಯಿಂದ ಶುರುಮಾಡಿ, ಬೀದಿಯ ಹಿರಿಯರವರೆಗೆ ಹೋಗಿ.

ಒಂದು: ‘ಹೇಗಿತ್ತು?’ ಎಂದು ಕೇಳಬೇಡಿ. ‘ಚೆನ್ನಾಗಿತ್ತಪ್ಪ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಎಲ್ಲಿ ಕೂತಿದ್ದಿರಿ, ಚಾಪೆ ತಂದಿದ್ದಿರಾ, ಜೊತೆಗೆ ಯಾರಿದ್ದರು, ಬೆಳಕು ಗ್ಯಾಸ್‌ಲೈಟಿನದೋ ಕರೆಂಟಿನದೋ, ಮೊದಲು ಯಾವ ವಾದ್ಯ ಶುರುವಾಯಿತು ಎಂದು ಕೇಳಿ. ಸಣ್ಣ ಸಂಗತಿಯ ಹಿಂದೆ ದೊಡ್ಡದು ತಾನೇ ಬರುತ್ತದೆ.

ಎರಡು: ಇಸವಿ ಕೇಳಿದರೆ ಹಿರಿಯರು ತಡವರಿಸುತ್ತಾರೆ. ಗುರುತು ಕೇಳಿ. ಭದ್ರಾ ಅಣೆಕಟ್ಟು ಮುಗಿಯುವ ಮೊದಲೋ ಆಮೇಲೋ? ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಚುನಾವಣೆಗೆ ನಿಂತ ವರ್ಷವೋ? ಹಾಗಾದರೆ 1978. ತರೀಕೆರೆ ಕಡೆಗೆ ಮೀಟರ್ ಗೇಜ್ ರೈಲಿದ್ದ ಕಾಲವೋ? ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿದ ‘ಆಪರೇಷನ್ ಡೈಮಂಡ್ ರಾಕೆಟ್’ ಹಾಡನ್ನು ಆರ್ಕೆಸ್ಟ್ರಾದಲ್ಲಿ ಹಾಡಿದರೇ? ಹಾಗಾದರೆ 1978ಕ್ಕಿಂತ ಹಿಂದಿನದಂತೂ ಅಲ್ಲ.

ಮೂರು: ಒಂದೇ ಪ್ರದರ್ಶನದ ಬಗ್ಗೆ ಕನಿಷ್ಠ ಇಬ್ಬರನ್ನು ಬೇರೆಬೇರೆಯಾಗಿ ಕೇಳಿ. ಇಬ್ಬರೂ ಹೇಳಿದ್ದು ಒಂದೇ ಆದರೆ ಹಾಗೆ ಬರೆಯಿರಿ. ಬೇರೆಯಾದರೆ ಎರಡನ್ನೂ ಬರೆಯಿರಿ. ತಿದ್ದಿ ಒಂದುಮಾಡಬೇಡಿ. ಅಂಟಿಸಿದ ಚಪ್ಪಾಳೆ ನಮಗೆ ಬೇಡ.

ನಾಲ್ಕು: ಗೋಡೆಗೆ ಹಚ್ಚಿದ ಹಳೆಯ ಕರಪತ್ರ, ನಾಟಕದ ಟಿಕೆಟ್ಟು, ಆರ್ಕೆಸ್ಟ್ರಾದ ಫೋಟೋ, ತುಕ್ಕುಹಿಡಿದ ಟ್ರಂಕಿನಲ್ಲಿರುವ ಕ್ಯಾಸೆಟ್ಟು, ಯಾವುದಾದರೂ ಸಿಕ್ಕರೆ ಎಸೆಯಬೇಡಿ. ಫೋಟೋ ತೆಗೆದು ದಿನಾಂಕ ಬರೆದಿಡಿ.

ಇದೇನು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುವ ತಾಯಂದಿರಿಗೆ ಒಂದು ಮಾತು. ಪ್ರಶ್ನೆ ಕೇಳುವುದು, ಹೇಳಿದ್ದನ್ನು ಹೇಳಿದಂತೆ ಬರೆಯುವುದು, ಎರಡು ಹೇಳಿಕೆಗಳನ್ನು ತಾಳೆ ನೋಡುವುದು, ಇವಿಷ್ಟು ಬಂದ ಹುಡುಗ ಮುಂದೆ ಇತಿಹಾಸ ಓದಲಿ, ಕಾನೂನು ಓದಲಿ, ವೈದ್ಯನೇ ಆಗಲಿ, ಸೋಲುವುದಿಲ್ಲ. ಎಚ್.ಎಲ್. ನಾಗೇಗೌಡರು ಸರ್ಕಾರಿ ಅಧಿಕಾರಿಯಾಗಿದ್ದುಕೊಂಡೇ ಹಳ್ಳಿಗರ ಪದಗಳನ್ನು ಕೇಳಿ ಕೂಡಿಟ್ಟವರು. ರಾಮನಗರದ ಬಳಿ ಅವರು ಕಟ್ಟಿದ ಜಾನಪದ ಲೋಕವನ್ನು ಇಂದು ಜನ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಅಷ್ಟು ದೊಡ್ಡದನ್ನು ನೀವು ಕಟ್ಟಬೇಕಾಗಿಲ್ಲ. ಒಂದು ಊರು, ಒಂದು ತಂಡ, ಒಂದು ರಾತ್ರಿ ಸಾಕು.

ಇನ್ನೊಂದು ಲಾಭವೂ ಉಂಟು. ಸದಾ ಪಾಠ, ಅಂಕ, ಟ್ಯೂಷನ್ನಿನ ವಿಚಾರವನ್ನೇ ಮಾತಾಡುವ ಅಪ್ಪ, ತಾನು 16 ವರ್ಷದವನಾಗಿದ್ದಾಗ ಆರ್ಕೆಸ್ಟ್ರಾ ಕೇಳಲು ಯಾರ ಕಣ್ಣು ತಪ್ಪಿಸಿ ಹೋಗಿದ್ದ ಎಂಬುದು ಈ ನೆಪದಲ್ಲಿ ಹೊರಬರಬಹುದು. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಳ್ಳಿ.